ಹಳೆಯ ಯೆಜ್ಡಿಗೆ 12 ವೋಲ್ಟ್ ಸಿಡಿಐ ಕಿಟ್: ಹಾಕಿಸಿ, ಓಡಿಸಿ ಬರೆದ ವಿಮರ್ಶೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಹೀಗಾಗಿ ಅಲ್ಲಿಂದ ಹೊರಬಂದ ಕೊನೆಯ ಯೆಜ್ಡಿ ಬೈಕುಗಳಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಇಂಥ ಗಾಡಿಯೊಂದನ್ನು ಮನೆಯಲ್ಲಿ ಇಟ್ಟುಕೊಂಡವರ ಕೈಗೆ ಒಂದಷ್ಟು ದುಡ್ಡು ಬಂದರೆ ಸಾಮಾನ್ಯವಾಗಿ ಮೊದಲು ಹೋಗುವುದು ಪೇಂಟಿಂಗ್ ಮತ್ತು ಕ್ರೋಮ್ ಪಾಲಿಷಿಗೆ, ಆಮೇಲೆ ಅಗಲವಾದ ಟೈರಿಗೆ, ಇನ್ನೂ ಉಳಿದರೆ ಸದ್ದು ಮಾಡುವ ಸೈಲೆನ್ಸರಿಗೆ. ಆ ದುಡ್ಡು ಎಲ್ಲಕ್ಕಿಂತ ಮೊದಲು ಹೋಗಬೇಕಾದದ್ದು ಗಾಡಿಯ ವಿದ್ಯುತ್ ವ್ಯವಸ್ಥೆಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಯೆಜ್ಡಿ ರೋಡ್‌ಕಿಂಗ್‌ಗೆ ಹಾಕಿಸಿರುವ 12 ವೋಲ್ಟ್ ಸಿಡಿಐ ಕಿಟ್ಟನ್ನು (ಸಿಡಿಐ ಎಂದರೆ ಪ್ಲಗ್ಗಿಗೆ ಸ್ಪಾರ್ಕ್ ಕೊಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಒಂದು ಮಳೆಗಾಲವೂ ಸೇರಿದಂತೆ ಸಾಕಷ್ಟು ಕಾಲ ಓಡಿಸಿದ ಮೇಲೆ ಆ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

1978ರಲ್ಲಿ ಬಂದ ರೋಡ್‌ಕಿಂಗ್‌ಗೆ ಎರಡು ಸೈಲೆನ್ಸರ್ ಇರುವುದನ್ನು ಕಂಡು ಅನೇಕರು ಅದನ್ನು ಎರಡು ಸಿಲಿಂಡರಿನ ಗಾಡಿ ಎಂದುಕೊಳ್ಳುತ್ತಾರೆ. ಆದರೆ ಅದರಲ್ಲಿರುವುದು 65 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇರುವ, 250 ಸಿಸಿಗೆ ತುಸು ಕಡಿಮೆ ಬರುವ ಒಂದೇ ಸಿಲಿಂಡರಿನ ಟು-ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರಿನಿಂದ ಹೊಗೆ ಎರಡು ದಾರಿಯಲ್ಲಿ ಹೊರಬರುತ್ತದೆ, ಅಷ್ಟೆ. ಈ ಎಂಜಿನ್ನಿನ ಕಸುವಿನ ಬಗ್ಗೆ ಇವತ್ತಿಗೂ ದೂರುವಂಥದ್ದೇನೂ ಇಲ್ಲ. ಸರಿಯಾಗಿ ಬೋರ್ ಮಾಡಿಸಿ, ಒಳ್ಳೆಯ ಪಿಸ್ಟನ್ ಕೂರಿಸಿ, ಪೆಟ್ರೋಲಿಗೆ ಅಳತೆಯಂತೆ 2ಟಿ ಆಯಿಲ್ ಬೆರೆಸುತ್ತಿದ್ದರೆ ಅದು ತನ್ನ ಕೆಲಸವನ್ನು ಮಾಡಿಕೊಂಡೇ ಹೋಗುತ್ತದೆ. ಗಾಡಿ ದಾರಿಯಲ್ಲಿ ಕೈಕೊಡುವುದು ಬಹುಪಾಲು 6 ವೋಲ್ಟ್ ವ್ಯವಸ್ಥೆಯಿಂದಲೇ.

ಹಳೆಯ ಏರ್ಪಾಡಿನಲ್ಲಿ ಕ್ರ್ಯಾಂಕಿನ ಬಲತುದಿಗೆ ಡೈನಮೊ ಕೂತಿರುತ್ತದೆ. ಅದರೊಳಗೆ ತಿರುಗುವ ಆರ್ಮೇಚರಿಗೆ ಕಾರ್ಬನ್ ಬ್ರಷ್‌ಗಳು ಉಜ್ಜುತ್ತಿರುತ್ತವೆ. ಅದೇ ಜಾಗದಲ್ಲಿ ಸಿಬಿ ಪಾಯಿಂಟ್ (ಕರೆಂಟನ್ನು ಕಡಿದು ಜೋಡಿಸುವ ಸಣ್ಣ ಸ್ವಿಚ್ಚು) ತೆರೆದು ಮುಚ್ಚಿ ಸ್ಪಾರ್ಕ್ ಕೊಡಿಸುತ್ತದೆ. ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಇರಬೇಕು, ಆದರೆ ಅದರ ಹಿಮ್ಮಡಿ ಸವೆದಂತೆಲ್ಲ ಗ್ಯಾಪ್ ಕಡಿಮೆಯಾಗುತ್ತದೆ, ಗ್ಯಾಪಿನ ಜೊತೆಗೆ ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು ಕೂಡ ಸರಿಯುತ್ತದೆ. ಬ್ಯಾಟರಿ ಇಳಿದಿದ್ದರೆ ಸ್ಪಾರ್ಕ್ ಬಡವಾಗುತ್ತದೆ, ಪೂರ್ತಿ ಸತ್ತಿದ್ದರೆ ಗಾಡಿಯನ್ನು ತಳ್ಳಿಯೇ ಎಬ್ಬಿಸಬೇಕು. ದೀಪದ ಪಾಡು ಇದಕ್ಕಿಂತ ಕಷ್ಟದ್ದು. 35 ವ್ಯಾಟಿನ ಬಲ್ಬು 6 ವೋಲ್ಟಿನಲ್ಲಿ ಉರಿಯಬೇಕಾದರೆ ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತದೆ. ಅದೇ ಬಲ್ಬು 12 ವೋಲ್ಟಿನದಾದರೆ 3 ಆಂಪಿಯರ್ ಸಾಕು. ಕರೆಂಟು ಅರ್ಧವಾದರೆ ವೈರಿನಲ್ಲಿ ಬಿಸಿಯಾಗಿ ಹೋಗುವ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಹಳೆಯ ವೈರು, ತುಕ್ಕು ಹಿಡಿದ ಅರ್ಥ್, ಸಡಿಲವಾದ ಸ್ವಿಚ್ಚುಗಳೆಲ್ಲ ಸೇರಿದ ಗಾಡಿಯಲ್ಲಿ ಈ ಒಂದು ಲೆಕ್ಕವೇ ರಾತ್ರಿಯ ರಸ್ತೆ ಕಾಣುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ನಾನು ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕ, ನಮ್ಮ ದೇಶದಲ್ಲೇ ತಯಾರಾದ ಕಿಟ್. ಡಬ್ಬಿಯಲ್ಲಿ ಕಾಯಂ ಆಯಸ್ಕಾಂತಗಳಿರುವ, ತಿರುಗುವ ರೋಟರ್, ಕಾಯಿಲ್‌ಗಳಿರುವ, ಅಲುಗದೆ ಕೂರುವ ಸ್ಟೇಟರ್ ತಟ್ಟೆ, ಸ್ಪಾರ್ಕಿನ ಹೊತ್ತನ್ನು ತಿಳಿಸುವ ಪಿಕಪ್ ಕಾಯಿಲ್, ಸಿಡಿಐ ಪೆಟ್ಟಿಗೆ, ಹೊಸ ಇಗ್ನಿಷನ್ ಕಾಯಿಲ್, ರೆಗ್ಯುಲೇಟರ್ ಮತ್ತು ಒಂದು ಕಟ್ಟು ವೈರಿಂಗ್ ಇದ್ದವು. ಬಲ್ಬುಗಳು, ಹಾರ್ನ್, ಇಂಡಿಕೇಟರಿನ ಫ್ಲಾಷರ್ ಮತ್ತು ಬ್ಯಾಟರಿ ಇವೆಲ್ಲವನ್ನೂ 12 ವೋಲ್ಟಿನವನ್ನೇ ಬೇರೆಯಾಗಿ ಕೊಳ್ಳಬೇಕು ಎಂಬುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಅದೆಲ್ಲವೂ ಮತ್ತು ಕೂಲಿಯೂ ಸೇರಿ ನನಗೆ ಆದ ಖರ್ಚು ಹತ್ತು ಸಾವಿರ ರೂಪಾಯಿಯ ಆಚೀಚೆ. ಝೆಕ್ ದೇಶದ ವೇಪ್ ಕಂಪನಿಯೂ ಜಾವಾ ಗಾಡಿಗಳಿಗೆ ಇದೇ ಬಗೆಯ ಕಿಟ್ ಮಾಡುತ್ತದೆ, ಆದರೆ ಅದನ್ನು ಹೊರದೇಶದಿಂದ ತರಿಸಿಕೊಳ್ಳುವ ಖರ್ಚು ನನ್ನ ಬಜೆಟ್ಟಿನ ಮಿತಿಯೊಳಗೆ ಇರಲಿಲ್ಲ.

ಕೂರಿಸುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಕಿಟ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅರ್ಧಪಾಲು ಇಲ್ಲೇ ನಿರ್ಧಾರವಾಗುತ್ತದೆ. ಹಳೆಯ ಆರ್ಮೇಚರ್ ಕ್ರ್ಯಾಂಕಿನ ಟೇಪರ್ (ಮೊನೆಯತ್ತ ಕಿರಿದಾಗುವ ತುದಿ) ಮೇಲೆ ವರ್ಷಗಟ್ಟಲೆ ಕಚ್ಚಿಕೊಂಡಿರುತ್ತದೆ. ಅದನ್ನು ಪುಲ್ಲರ್ ಬೋಲ್ಟ್ ಹಾಕಿಯೇ ಬಿಡಿಸಬೇಕು, ಸುತ್ತಿಗೆಯಿಂದ ತಟ್ಟಿದರೆ ಕ್ರ್ಯಾಂಕಿನ ತುದಿ ಸೊಟ್ಟಗಾಗುವ ಅಪಾಯವಿದೆ. ಟೇಪರನ್ನು ಎಣ್ಣೆಯ ಪಸೆ ಉಳಿಯದಂತೆ ಒರೆಸಿದ ನಂತರವೇ ಹೊಸ ರೋಟರನ್ನು ಕೂರಿಸಬೇಕು. ನನ್ನ ಗಾಡಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಪ್ಲಗ್ಗನ್ನು ಬಿಚ್ಚಿ, ಆ ತೂತಿಗೆ ಡಯಲ್ ಗೇಜ್ ಇಳಿಸಿ, ಮೊದಲು ಪಿಸ್ಟನ್ ಎಲ್ಲಕ್ಕಿಂತ ಮೇಲೆ ಬಂದು ನಿಲ್ಲುವ ಜಾಗವನ್ನು (ಟಿಡಿಸಿ) ಗುರುತು ಮಾಡಿಕೊಂಡರು; ಬಳಿಕ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ, ಪಿಸ್ಟನ್ ಸುಮಾರು 3 ಮಿ.ಮೀ. ಕೆಳಗಿಳಿದ ಜಾಗದಲ್ಲಿ ನಿಲ್ಲಿಸಿ, ರೋಟರಿನ ಗುರುತು ಪಿಕಪ್ಪಿಗೆ ಎದುರಾಗುವಂತೆ ಸ್ಟೇಟರ್ ತಟ್ಟೆಯನ್ನು ಹೊಂದಿಸಿದರು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಟೈಮಿಂಗ್ ಲೈಟ್ ಹಿಡಿದಾಗ ಗೊತ್ತಾದ ಸಂಗತಿಯೆಂದರೆ, ತಯಾರಕರು ರೋಟರಿನ ಮೇಲೆ ಕೆತ್ತಿದ್ದ ಗುರುತೇ ಸರಿಯಾದ ಜಾಗದಲ್ಲಿ ಇರಲಿಲ್ಲ. ಅದನ್ನೇ ನಂಬಿ ಗಾಡಿಯನ್ನು ಹೊರಗೆ ಕಳಿಸಿದ್ದರೆ ಸ್ಪಾರ್ಕ್ ಹೊತ್ತಿಗೆ ಮುಂಚೆಯೇ ಬೀಳುತ್ತಿತ್ತು. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಹಾಗಾದರೆ ಕಿಕ್ಕರ್ ಕಾಲಿಗೆ ತಿರುಗಿ ಹೊಡೆಯುವುದಲ್ಲದೆ ಪಿಸ್ಟನ್ನಿನ ನೆತ್ತಿಯೇ ಕಾದು ತೂತಾಗಬಹುದು. ತಟ್ಟೆಯನ್ನು ಮತ್ತೆ ಸರಿಸಿ, ನಿಜವಾದ ಜಾಗದಲ್ಲಿ ಹೊಸ ಗುರುತು ಗೀರಿದ ಮೇಲೆಯೇ ಅವರು ಕವರ್ ಮುಚ್ಚಿದರು. ಡಯಲ್ ಗೇಜ್ ಮತ್ತು ಟೈಮಿಂಗ್ ಲೈಟ್ ಇಲ್ಲದ ಗ್ಯಾರೇಜಿನಲ್ಲಿ ಈ ಕಿಟ್ ಹಾಕಿಸುವುದು ಬೇಡವೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಫಲಿತಾಂಶ ಮೊದಲ ಕಿಕ್ಕಿನಲ್ಲೇ ತಿಳಿಯುತ್ತದೆ. ಸಿಡಿಐಗೆ ಬೇಕಾದ ವಿದ್ಯುತ್ತು ಸ್ಟೇಟರಿನ ತನ್ನದೇ ಕಾಯಿಲ್‌ನಿಂದ ಬರುವುದರಿಂದ ಬ್ಯಾಟರಿಯನ್ನು ಕಳಚಿಟ್ಟರೂ ಎಂಜಿನ್ ಎದ್ದು ಓಡುತ್ತದೆ. ಐಡಲಿಂಗ್ ಒಂದೇ ಸಮನಾಗಿದೆ. ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಥ್ರಾಟಲ್ ಕೊಟ್ಟಾಗ ಮೊದಲಿದ್ದ ಮುಕ್ಕರಿಕೆ ಇಲ್ಲ. ಗಾಡಿಯ ಟಾಪ್ ಸ್ಪೀಡಿನಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ, ಕಾಣಬೇಕೆಂದು ನಿರೀಕ್ಷಿಸುವುದೂ ತಪ್ಪು, ಏಕೆಂದರೆ ಕಿಟ್ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಇರುವ ಶಕ್ತಿಯನ್ನು ಪ್ರತಿ ಸಲವೂ ತಪ್ಪದೆ ಕೊಡಿಸುತ್ತದೆ. ಇನ್ನು ಹೆಡ್‌ಲೈಟ್. ಮೈಸೂರಿನಿಂದ ಹುಣಸೂರಿನ ಕಡೆಗೆ ಕತ್ತಲಾದ ಮೇಲೆ ಹೋಗುವಾಗ ಎದುರಿನಿಂದ ಬರುವ ಲಾರಿಯ ಬೆಳಕಿಗೆ ನಮ್ಮ ದೀಪ ಇದೆಯೋ ಇಲ್ಲವೋ ಎಂಬಂತಾಗುತ್ತಿದ್ದ ಕಾಲ ಹೋಯಿತು. ರಸ್ತೆಯಂಚಿನ ಬಿಳಿಗೆರೆ ಈಗ ದೂರದವರೆಗೂ ಕಾಣುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ದೀಪ ಹಳದಿಗೆ ತಿರುಗುವುದಿಲ್ಲ, ಹಾರ್ನ್ ಬಸ್ಸಿನವರಿಗೂ ಕೇಳಿಸುತ್ತದೆ. ದಿನವೂ ಓಡಾಡುವವನಿಗೆ ಇದು ಸಣ್ಣ ಸಮಾಧಾನವಲ್ಲ.

ಕಿಟ್ಟಿನ ದೋಷಗಳನ್ನೂ ಹೇಳಬೇಕು. ಜೊತೆಗೆ ಬಂದ ವೈರಿಂಗಿನ ಗುಣಮಟ್ಟ ತೀರಾ ಸಾಧಾರಣದ್ದು: ಕನೆಕ್ಟರುಗಳು ಸಡಿಲ, ಮಳೆ ನೀರು ಇಳಿಯದಂತೆ ರಬ್ಬರ್ ಮುಚ್ಚಳವಿಲ್ಲ. ಮಳೆಗಾಲದಲ್ಲಿ ಒಮ್ಮೆ ಪಿಕಪ್ಪಿನ ವೈರಿನ ಜೋಡಣೆಗೆ ನೀರು ಸೇರಿ ಎಂಜಿನ್ ಬಿಟ್ಟುಬಿಟ್ಟು ಓಡತೊಡಗಿತು. ಆಮೇಲೆ ಇಡೀ ವೈರಿಂಗನ್ನು ಒಳ್ಳೆಯ ತಾಮ್ರದ ವೈರಿನಲ್ಲಿ ಹೊಸದಾಗಿ ಮಾಡಿಸಿ, ಅರ್ಥ್ ವೈರನ್ನು ಫ್ರೇಮಿಗೆ ಬಣ್ಣ ಕೆರೆದು ಕಟ್ಟಿಸಿದ ಮೇಲೆ ತೊಂದರೆ ಮರುಕಳಿಸಿಲ್ಲ. ಈ ಕೆಲಸವನ್ನು ಮೊದಲ ದಿನವೇ ಮಾಡಿಸುವುದು ಲೇಸು. ರೆಗ್ಯುಲೇಟರ್ ಬಿಸಿಯಾಗುವ ವಸ್ತುವಾದ್ದರಿಂದ ಅದನ್ನು ಪೆಟ್ಟಿಗೆಯೊಳಗೆ ಅಡಗಿಸದೆ ಗಾಳಿ ತಾಗುವ ಕಡೆ ಕೂರಿಸಬೇಕು. ಕಿಟ್ಟಿನೊಂದಿಗೆ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಎಲ್‌ಇಡಿ ಹೆಡ್‌ಲೈಟ್ ಬಲ್ಬಿನ ಆಸೆಯಿದ್ದವರು ತುಸು ಯೋಚಿಸುವುದು ಒಳಿತು. ತಂತು ಇರುವ ಬಲ್ಬಿಗೆಂದು ಮಾಡಿದ ಹಳೆಯ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಾನು ಹ್ಯಾಲೊಜನ್ ಬಲ್ಬನ್ನೇ ಉಳಿಸಿಕೊಂಡಿದ್ದೇನೆ.

ಸ್ಪಾರ್ಕ್ ಬಲವಾದ ಮೇಲೆ ಕಾರ್ಬ್ಯುರೇಟರನ್ನೂ ಒಮ್ಮೆ ನೋಡಿಸಬೇಕು. ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಕಾರ್ಬ್ಯುರೇಟರಿನ ಹಳೆಯ ಜೆಟ್ಟಿನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಬಿಡಿಭಾಗ) ಮಿಶ್ರಣ ಬಡವಾಗಿ, ಅಂದರೆ ಗಾಳಿಯ ಪಾಲು ಹೆಚ್ಚಾಗಿ ಎಂಜಿನ್ ಹೆಚ್ಚು ಕಾಯುವ ಸಂಭವವಿದೆ. ಒಂದಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿದಾಗ ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ದೊಡ್ಡ ಜೆಟ್ ಹಾಕಿಸಬೇಕು. ಪೆಟ್ರೋಲ್ ಪೈಪನ್ನೂ ಎಥನಾಲಿಗೆ ತಡೆಯುವಂಥದ್ದಕ್ಕೆ ಬದಲಿಸಿಕೊಳ್ಳಬೇಕು.

ಸೈಲೆನ್ಸರಿನ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತು ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಟು-ಸ್ಟ್ರೋಕಿನಲ್ಲಿ ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆಯೇ ಹೊಸ ಮಿಶ್ರಣ ಹೊಗೆಯ ಜೊತೆ ಹೊರಗೆ ಹರಿದುಹೋಗದಂತೆ ತಡೆಯುತ್ತದೆ. ಅದನ್ನು ಕೆಡಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಮತ್ತು ಮೈಲೇಜ್ ಎರಡೂ ಇಳಿಯುತ್ತವೆ. ಡಿಸ್ಕ್ ಬ್ರೇಕ್ ಹಾಕಿಸಲು ಮುಂದಿನ ಫೋರ್ಕ್ ಮತ್ತು ಚಕ್ರವನ್ನೇ ಬದಲಿಸಬೇಕಾಗುತ್ತದೆ, ಬೇರೆ ಎಂಜಿನ್ ಕೂರಿಸುವ ಮಾತಂತೂ ಕಾನೂನಿನ ತೊಡಕಿನದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಈ ಕಿಟ್ಟಿನಿಂದ ಎಂಜಿನ್ ನಂಬರ್, ಚಾಸಿ ನಂಬರ್, ಸಿಸಿ ಯಾವುದೂ ಬದಲಾಗುವುದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಲು ಆರ್‌ಟಿಒ ಕಚೇರಿಗೆ ಒಯ್ದಾಗ ಇನ್‌ಸ್ಪೆಕ್ಟರ್ ದೀಪ, ಇಂಡಿಕೇಟರ್, ಹಾರ್ನ್ ಪರೀಕ್ಷಿಸುತ್ತಾರಲ್ಲ, ಅಲ್ಲಿ ಇದು ಅನುಕೂಲಕ್ಕೇ ಬರುತ್ತದೆ.

ವಾರಕ್ಕೊಮ್ಮೆಯಾದರೂ ಗಾಡಿ ತೆಗೆಯುವವರು, ಕತ್ತಲಾದ ಮೇಲೂ ಓಡಿಸಬೇಕಾದವರು ಇದನ್ನು ಹಿಂಜರಿಯದೆ ಹಾಕಿಸಬಹುದು. ಎಲ್ಲ ಭಾಗಗಳೂ ಮೂಲದ್ದೇ ಇರಬೇಕೆಂದು ಕಾಪಾಡಿಕೊಂಡು ಬಂದಿರುವ ಜಾವಾ ಅಥವಾ ಮೊದಲ ವರ್ಷಗಳ ಯೆಜ್ಡಿ ಇರುವವರು ಡೈನಮೊವನ್ನೇ ರಿವೈಂಡ್ ಮಾಡಿಸಿ, ಹೊಸ ಬ್ರಷ್ ಹಾಕಿಸಿ ಮುಂದುವರಿಯುವುದು ಸರಿ. ಕಿಟ್ ಹಾಕಿಸುವವರು ಕಳಚಿದ ಡೈನಮೊ, ಅದರ ಚಾರ್ಜಿಂಗ್ ನಿಯಂತ್ರಿಸುವ ಕಟೌಟ್ ಮತ್ತು ಹಳೆಯ ಕಾಯಿಲ್ಲನ್ನು ಗುಜರಿಗೆ ಕೊಡದೆ ಎಣ್ಣೆ ಸವರಿ ಎತ್ತಿಡಬೇಕು. ಫ್ರೇಮಿಗೆ ಹೊಸ ತೂತು ಕೊರೆಯದೆ ಕೆಲಸ ಮಾಡಿಸಿದ್ದರೆ ಬೇಕೆಂದಾಗ ಅವನ್ನು ಮರಳಿ ಕೂರಿಸಬಹುದು. ಕೊಳ್ಳುವಾಗ ಸಿಡಿಐ ಪೆಟ್ಟಿಗೆ ಮತ್ತು ಪಿಕಪ್ ಕಾಯಿಲ್ ಬಿಡಿಯಾಗಿಯೂ ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ಕೇಳಿ, ಸಿಗುತ್ತವೆಂದಾದರೆ ಮಾತ್ರ ದುಡ್ಡು ಕೊಡಿ.