5ನೇ ನಂಬರ್ ಕಬ್ಬಿಣದ ಹತ್ರಿ, ವರ್ಷಗಟ್ಲೆ ಉಜ್ಜಿದ ಮೇಲೆ

ಹತ್ರಿ ಅಂದ್ರೆ ಮರ ಉಜ್ಜಿ ಸಮ ಮಾಡೋ ಬಡಗಿ ಸಾಮಾನು, 5 ಅನ್ನೋದು ಅದರ ಸೈಜ್ ನಂಬರ್. ಬಾಕ್ಸ್ ಬಿಚ್ಚಿದ ದಿನವೇ ಹಾಕೋ ರಿವ್ಯೂ ಅಲ್ಲ ಇದು. ಕೊರೊನಾ ಟೈಮಲ್ಲಿ ತಗೊಂಡಿದ್ದು, ಇವತ್ತಿಗೂ ದಾವಣಗೆರೆ ಮನೆ ಮೇಲಿನ ಶೀಟ್ ಶೆಡ್ಡಲ್ಲಿ ಕೈಗೆ ಬರ್ತಾನೇ ಐತಿ. ಕಂಪನಿ ಹೆಸರು ಬೇಡ ಬಿಡ್ರಿ, ಅಂಗಡೀಲಿ ಸಿಗೋ ಇಂಥವೆಲ್ಲ ಹೆಚ್ಚೂಕಡಿಮೆ ಒಂದೇ ಅಚ್ಚು. 1860ರ ದಶಕದಲ್ಲಿ ಅಮೆರಿಕದ ಲಿಯೊನಾರ್ಡ್ ಬೇಲಿ ಮಾಡಿದ ಡಿಸೈನು, 1869ರಲ್ಲಿ ಸ್ಟ್ಯಾನ್ಲಿ ಕಂಪನಿಯವ್ರು ಅದನ್ನ ಕೊಂಡ್ಕೊಂಡು ಊರೂರಿಗೆ ಮುಟ್ಸಿದ್ರು. 14 ಇಂಚು ಉದ್ದ, 2 ಇಂಚು ಅಗಲದ ಅಲಗು, ಅಲಗು ಕೂರೋ ಇಳಿಜಾರು 45 ಡಿಗ್ರಿ.

ತಂದ ಕೂಡ್ಲೇ ಮರದ ಮೇಲಿಟ್ಟು ತಳ್ತೀನಿ ಅಂದ್ರೆ ಆಗಲ್ಲ. ನಂದ್ರ ತಳ ನಡುವೆ ತಗ್ಗಿತ್ತು, ಸ್ಟೀಲ್ ಸ್ಕೇಲ್ ಇಟ್ಟು ಕಿಟಕಿ ಕಡೆ ಹಿಡಿದ್ರೆ ಸಂದಿಲಿ ಬೆಳಕು ಕಾಣೋದು. ದಪ್ಪ ಗಾಜಿಗೆ 80 ನಂಬರ್ ಎಮರಿ ಪೇಪರ್ (ತಿಕ್ಕೋ ಕಾಗದ, ನಂಬರ್ ಏರಿದಂಗೆ ನುಣುಪು) ಅಂಟಿಸಿ, ತಳಕ್ಕೆಲ್ಲ ಮಾರ್ಕರಲ್ಲಿ ಗೀಟು ಎಳ್ದು, ಆ ಗೀಟು ಪೂರ್ತಿ ಅಳಿಸೋವರೆಗೂ ತಿಕ್ಕಿದೆ, ಆಮೇಲೆ 120, ಆಮೇಲೆ 220, ರಟ್ಟೆ ಬಿದ್ದೋಯ್ತು. ತಿಕ್ಕೋವಾಗ ಅಲಗು ಬಿಚ್ಚಿಡಬ್ಯಾಡ್ರಿ, ಒಳಕ್ಕೆ ಎಳ್ಕೊಂಡು ಬಿಗಿ ಮಾಡಿಯೇ ತಿಕ್ರಿ, ಬಿಗಿ ಮಾಡಿದಾಗ ತಳ ಕೂದಲೆಳೆಯಷ್ಟು ಬಾಗ್ತತಿ. ಅಲಗಿನ ಮೇಲೆ ಬಿಗಿದಿರೋ, ಸಿಪ್ಪೆ ಮುರಿಯೋ ತಗಡೂ ಸಂದಿಯಿಲ್ದಂಗೆ ಕೂರ್ಬೇಕು, ಇಲ್ಲಾಂದ್ರೆ ಉಜ್ಜಿದಾಗ ಏಳೋ ಸಿಪ್ಪೆ ಅದರಡಿ ತೂರಿ ಬಾಯಿ, ಅಂದ್ರೆ ತಳದಲ್ಲಿ ಅಲಗು ಹೊರಬರೋ ಸಂದಿ, ಕಟ್ಕೊಂತತಿ.

ಇಷ್ಟು ಕಷ್ಟ ಯಾಕೆ, ಮರದ ಹತ್ರಿನೇ ಸಾಕಲ್ಲ ಅಂತೀರಾ? ನಮ್ ಕಡೆ ಬಿಸಿಲು ಗೊತ್ತಲ್ಲ. ಏಪ್ರಿಲಲ್ಲಿ ಮರದ ಹತ್ರಿ ಒಣಗಿ ಅಲಗು ಹಿಡಿದಿರೋ ಬೆಣೆ ಸಡಿಲ ಆಗ್ತತಿ, ಮಳೆಗಾಲಕ್ಕೆ ತೇವ ಕುಡ್ದು ತಳ ತಿರುಚ್ಕೊಂತತಿ, ವರ್ಷಕ್ಕೊಮ್ಮೆ ತಳಾನೇ ಹತ್ರಿ ಹೊಡೀಬೇಕು. ಕಬ್ಬಿಣದ್ದು ಒಂದ್ಸಲ ಸರಿ ಮಾಡಿದ್ದು, ಇವತ್ತಿಗೂ ಹಂಗೇ ಐತಿ. ತುಕ್ಕಿಗೆ ಹೊಲಿಗೆ ಮಷಿನ್ ಎಣ್ಣೆ ಬಟ್ಟೇಲಿ ಒರೆಸಿಟ್ರೆ ಮುಗೀತು. ಭಾರ ಮಾತ್ರ ಜಾಸ್ತಿ, ತಳಕ್ಕೆ ಮೇಣದ ಬತ್ತಿ ಎರಡು ಗೀಟು ಎಳೀರಿ, ಆಮೇಲೆ ನೋಡ್ರಿ ಹೆಂಗೆ ಜಾರ್ತತಿ.

ನಾನು ಹೆಚ್ಚಿಗೆ ಉಜ್ಜೋದು ಹಳೆ ಮನೆ ಕೆಡವಿದಾಗ ಸಿಗೋ ತೇಗ, ಬೇವು. ತೇಗ ಮೆತ್ತಗೆ ಅನ್ಸಿದ್ರೂ ಒಳಗೆ ಸಿಲಿಕಾ ಇರ್ತತಿ, ಅಲಗು ಬೇಗ ಮೊಂಡ ಆಗ್ತತಿ. 25 ಡಿಗ್ರಿಗೆ ಸಾಣೆ ಹಿಡಿದು ತುದಿಗೆ ಮಾತ್ರ 30 ಕೊಟ್ರೆ ಬಾಳಿಕೆ ಪರವಾಗಿಲ್ಲ. ಹಳೆ ತೊಲೆಗೆ ಮೊದ್ಲು ಮ್ಯಾಗ್ನೆಟ್ ಆಡಿಸ್ರಿ, ಬಣ್ಣದಡಿ ಮೊಳೆ ಕೂತಿರ್ತವೆ. ಬೇವಿನ ಕಥೆ ಬೇರೆ. ನಾರು ಒಂದು ಗೇಣು ಈ ಕಡೆ, ಇನ್ನೊಂದು ಗೇಣು ಆ ಕಡೆ, ಯಾವ ದಿಕ್ಕಿಂದ ತಳ್ಳಿದ್ರೂ ಎಲ್ಲೋ ಒಂದ್ಕಡೆ ಕಿತ್ಕೊಂಡೇ ಬರ್ತತಿ. ಇಲ್ಲಿ ಆ ಮೇಲಿನ ತಗಡನ್ನ ಅಲಗಿನ ತುದಿಗೆ ಹತ್ತಿಕೊಂಡೇ ಐತೇನೋ ಅನ್ನೋ ಹಂಗೆ ಮುಂದಕ್ಕೆ ತಂದು, ಅಲಗು ಕಾಣೋದೋ ಇಲ್ವೋ ಅಷ್ಟೇ ಹೊರಗೆ ಬಿಟ್ರೆ, ಸುರುಳಿ ಸುತ್ಕೊಳ್ಳೋ ಸಿಪ್ಪೆ ನೆಟ್ಟಗೆ ನಿಂತ್ಕೊಂಡು ಮೇಲಕ್ಕೆ ಬರೋಕೆ ಶುರುವಾಗ್ತತಿ, ಮರ ಕೀಳೋದು ನಿಲ್ತತಿ. ಮರದ ಹತ್ರೀಲಿ ತಗಡಿಲ್ದ ಒಂಟಿ ಅಲಗು ಇದ್ರೆ ಈ ಆಟ ನಡೆಯಲ್ಲ. ಕೊಟ್ಟ ದುಡ್ಡು ನನಗೆ ಇಲ್ಲೇ ವಸೂಲಾಯ್ತು.

ತಕರಾರೂ ಅದಾವೆ. ಆಳ ಹೆಚ್ಚುಕಮ್ಮಿ ಮಾಡೋ ಹಿತ್ತಾಳೆ ಚಕ್ರ ಮುಕ್ಕಾಲು ಸುತ್ತು ಸುಮ್ನೆ ತಿರುಗ್ತತಿ, ಆಮೇಲೆ ಹಿಡೀತತಿ. ಹಿಡಿ ಎರಡನೇ ವರ್ಷಕ್ಕೇ ಸೀಳ್ತು, ಹೊನ್ನೆ ತುಂಡಲ್ಲಿ ಮಾಡ್ಕೊಂಡೆ, ಈಗ ಅದೇ ಕೈಗೆ ಸರಿ ಕೂರ್ತತಿ. ದಿನಾ ಬಾಗಿಲು ಮಾಡೋ ಕಸುಬಿನವ್ರಿಗೆ ಕರೆಂಟ್ ಮಷಿನೇ ಸೈ, ಇದು ಬೇಡ.

ತಗೊಳೋದಾದ್ರೆ ಆನ್‌ಲೈನ್ ಬೇಡ, ಹಾರ್ಡ್‌ವೇರ್ ಅಂಗಡಿಗೆ ಸ್ಕೇಲ್ ಜೇಬಲ್ಲಿಟ್ಕೊಂಡು ಹೋಗ್ರಿ, ಮೂರ್ನಾಲ್ಕು ಪೀಸ್ ತೆಗೆಸಿ ತಳ ನೋಡ್ರಿ. ಅಂಗಡಿಯವ್ರು ಮುಖ ಗಂಟಾಕ್ಕೊಂತಾರೆ, ಆದ್ರೂ ತೆಗೆಸ್ರಿ.