ಚಾನೆಲ್ ಎಷ್ಟು ಅಂತ ಕೇಳೋ ಮೊದಲು ಮೋಲ್ಡ್ ವಿಚಾರಿಸಿ: ಮಗಳ ಹಿಯರಿಂಗ್ ಏಡ್, ನಾಲ್ಕನೇ ವರ್ಷದಲ್ಲಿ

ಮಗಳಿಗೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ಶ್ರವಣ ನಷ್ಟವಿದೆ, ಅಂದ್ರೆ ಮಷಿನ್ ಇಲ್ಲದೆ ಮಾಮೂಲಿ ಮಾತೇ ಸರಿಯಾಗಿ ಕೇಳಿಸಲ್ಲ. ಎರಡು ವರ್ಷ ತುಂಬುವ ಮೊದಲೇ ಕಿವಿ ಹಿಂದೆ ಕೂರುವ ಡಿಜಿಟಲ್ ಮಷಿನ್ ಹಾಕಿಸಿದೆವು. ಬಿಟಿಇ ಅಂತಾರಲ್ಲ, ಅದು. ಜೊತೆಗೆ ವಾರಕ್ಕೊಮ್ಮೆ ಸ್ಪೀಚ್ ಥೆರಪಿ. ಈಗ ನಾಲ್ಕನೇ ವರ್ಷ ನಡೀತಿದೆ. ಕಂಪನಿ ಹೆಸರು ಬೇಡ ಬಿಡಿ. ಮಕ್ಕಳಿಗೆಂದೇ ಮಾಡಿದ ಒಳ್ಳೆಯ ಮಾಡೆಲ್‌ಗಳಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯವರು ಅಷ್ಟು ಚಾನೆಲ್ (ಮಷಿನ್ ಶಬ್ದವನ್ನು ಎಷ್ಟು ಭಾಗ ಮಾಡಿ ಹೊಂದಿಸುತ್ತೆ ಅನ್ನೋ ಲೆಕ್ಕ), ಇಷ್ಟು ಚಾನೆಲ್, ಬ್ಲೂಟೂತ್ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ನಮ್ಮನ್ನು ಗೋಳು ಹುಯ್ದುಕೊಂಡಿದ್ದು ಅದ್ಯಾವುದೂ ಅಲ್ಲ, ಕಿವಿಯ ಅಳತೆಗೆ ಅಚ್ಚು ತೆಗೆದು ಮಾಡಿಸುವ, ಕಿವಿಯೊಳಗೆ ಕೂರುವ ಮೋಲ್ಡ್.

ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತೆ, ಮೋಲ್ಡ್ ಬೆಳೆಯಲ್ಲ. ಮೊದಲ ವರ್ಷಗಳಲ್ಲಿ ಕೆಲವೇ ತಿಂಗಳಿಗೆ ಅದು ಸಡಿಲವಾಗುತ್ತೆ. ಆಗ ಒಳಗೆ ಹೋದ ಶಬ್ದ ಹೊರಗೆ ಸೋರಿ ಮತ್ತೆ ಮೈಕಿಗೆ ಬರುತ್ತೆ, ಮಷಿನ್ ಕುಂಯ್ ಅಂತ ಶಿಳ್ಳೆ ಹಾಕೋಕೆ ಶುರು ಮಾಡುತ್ತೆ. ಶಿಳ್ಳೆ ತಡೆಯಲಾರದೆ ವಾಲ್ಯೂಮ್ ಇಳಿಸಿದರೆ ಮಗುವಿಗೆ ಮಾತಿನ ಸಣ್ಣ ಸದ್ದುಗಳೇ ಕೇಳಿಸಲ್ಲ. ಹೊಸ ಮೋಲ್ಡ್‌ಗೆ ಅಚ್ಚು ತೆಗೆಯೋದೂ ಒಂದು ಸಾಹಸ. ದಾರ ಕಟ್ಟಿದ ಪುಟ್ಟ ಸ್ಪಂಜನ್ನು ಕಿವಿಯೊಳಗೆ ಇಟ್ಟು, ಸಿರಿಂಜ್‌ನಿಂದ ಮೆತ್ತಗಿನ ಪೇಸ್ಟ್ ತುಂಬುತ್ತಾರೆ. ಅದು ಗಟ್ಟಿಯಾಗುವವರೆಗೆ ಮಗು ಅಲ್ಲಾಡಬಾರದು, ಅಳಲೂಬಾರದು. ಎರಡು ವರ್ಷದ ಮಗು ಅಳದೇ ಇರುತ್ತಾ? ನಾವು ಮಷಿನ್ ತಗೊಂಡ ಕಡೆ ‘ಎರಡು ವಾರ’ ಅಂದವರು ತಿಂಗಳಾದರೂ ಕೊಡ್ತಿರಲಿಲ್ಲ. ಒಂದು ಸಲ ಮಷಿನ್ ರಿಪೇರಿಗೆ ಹೋದಾಗ ಬದಲಿ ಮಷಿನ್ ಕೂಡ ಕೊಡಲಿಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಒಂದು ತಿಂಗಳು ಅಂದ್ರೆ ಸುಮ್ನೆ ಅಲ್ಲ. ಮೋಲ್ಡ್ ಎಷ್ಟು ದಿನಕ್ಕೆ ಕೊಡ್ತಾರೆ, ರಿಪೇರಿಗೆ ಹೋದಾಗ ಬದಲಿ ಮಷಿನ್ ಕೊಡ್ತಾರಾ, ದುಡ್ಡು ಕೊಡುವ ಮುಂಚೆ ಈ ಎರಡನ್ನೂ ಬರವಣಿಗೆಯಲ್ಲಿ ತಗೊಳ್ಳಿ. ಮಕ್ಕಳಿಗೆ ಮೆತ್ತಗಿನ ಸಿಲಿಕೋನ್ ಮೋಲ್ಡೇ ಇರಲಿ.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಮಷಿನ್‌ನಿಂದ ಮೋಲ್ಡ್‌ಗೆ ಹೋಗುವ ಟ್ಯೂಬಿನೊಳಗೆ ನೀರ ಹನಿ ಕಟ್ಟಿಕೊಳ್ಳುತ್ತೆ, ಶಬ್ದ ಬಂದ್. ಗಾಳಿ ಊದುವ ರಬ್ಬರ್ ಬಲ್ಬ್ ಮತ್ತು ಸಿಲಿಕಾ ಜೆಲ್ ಹಾಕಿದ ಡಬ್ಬಿ ಇಲ್ಲದೆ ಮಲೆನಾಡಲ್ಲಿ ಈ ಮಷಿನ್ ಬಾಳಿಕೆ ಬರಲ್ಲ. ರಾತ್ರಿ ಸೆಲ್ ಬಾಗಿಲು ತೆರೆದು ಡಬ್ಬಿಗೆ ಹಾಕಿಡಿ. ಸೆಲ್ 13 ನಂಬರಿನದು, ಕಿತ್ತಳೆ ಸ್ಟಿಕ್ಕರ್. ಅದು ಗಾಳಿ ತಗೊಂಡು ಕೆಲಸ ಮಾಡುತ್ತೆ, ಹಾಗಾಗಿ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕಬೇಕು. ಸೆಲ್ ಬಾಗಿಲಿಗೆ ಚೈಲ್ಡ್ ಲಾಕ್ ಇರಲೇಬೇಕು. ಮಗು ಸೆಲ್ ನುಂಗಿದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಇನ್ನು ಥೆರಪಿ. ಕನ್ನಡಕದ ಹಾಗೆ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತೆ ಅಂತ ನಮ್ಮತ್ತೆ ನಂಬಿದ್ದರು. ಮಷಿನ್ ಶಬ್ದವನ್ನು ಕಿವಿಗೆ ತಲುಪಿಸುತ್ತೆ ಅಷ್ಟೇ. ಆ ಶಬ್ದಕ್ಕೆ ಅರ್ಥ ಕೂಡಿಸೋದು ಮನೆಯವರ ಕೆಲಸ. ಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು: ‘ಪಾಠ ಪಾಪುಗಲ್ಲ, ನಿಮಗೆ.’ ವಾರಕ್ಕೊಂದು ಗಂಟೆ ನಾನು ಕಲಿಯೋದು, ಉಳಿದ ಗಂಟೆಗಳಲ್ಲೆಲ್ಲ ಮನೆಯಲ್ಲಿ ಮಾತಾಡೋದು.

ಮುಖ್ಯ ನಿಯಮ ಒಂದೇ. ಮೊದಲು ಕೇಳಿಸು, ಆಮೇಲೆ ತೋರಿಸು, ಮತ್ತೆ ಕೇಳಿಸು. ಬರೀ ತುಟಿ ನೋಡಿ ಕಲಿಯೋಕೆ ಆಗಲ್ವಾ ಅಂತ ನಾನೂ ಕೇಳಿದ್ದೆ. ಕನ್ನಡಿ ಮುಂದೆ ದನಿ ತೆಗೆಯದೆ ‘ಅಪ್ಪ’ ಅನ್ನಿ, ‘ಅಮ್ಮ’ ಅನ್ನಿ. ಎರಡೂ ಒಂದೇ ಥರ ಕಾಣುತ್ತೆ. ಕ, ಗ ಅಂತೂ ಗಂಟಲ ಹತ್ತಿರವೇ ಮುಗಿದುಹೋಗುತ್ತವೆ. ಅದಕ್ಕೇ ಅಕ್ಕಿ ರೊಟ್ಟಿ ತಟ್ಟುವಾಗ ಹಿಟ್ಟಿನ ಪಾತ್ರೆ ಮುಚ್ಚಿಟ್ಟು ‘ಹಿಟ್ಟು ಎಲ್ಲಿ?’ ಅಂತ ಮೊದಲು ಕೇಳುತ್ತೇನೆ. ಕೇಳಿ, ಸುಮ್ಮನೆ ಕಾಯುತ್ತೇನೆ. ಈ ಕಾಯೋದು ಬಹಳ ಕಷ್ಟ. ಪಕ್ಕದಲ್ಲಿದ್ದವರು ಮಗುವಿನ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ.

ಪದಗಳು ಬೇಗ ಬಂದವು. ಪದದ ಬಾಲ ಬರಲಿಲ್ಲ. ನಾವು ಕೊನೆಯ ಅಕ್ಷರವನ್ನು ಮೆಲ್ಲಗೆ ನುಂಗಿ ಮಾತಾಡುತ್ತೇವಲ್ಲ, ಅವಳಿಗೆ ‘ಅಜ್ಜಿಗೆ’ ಕೂಡ ‘ಅಜ್ಜಿ’, ‘ಅಜ್ಜಿದು’ ಕೂಡ ‘ಅಜ್ಜಿ’. ಅದಕ್ಕೆ ಮಾಡಿದ ಆಟ ಇದು: ನಾನು ಅವಳ ಹಿಂದೆ ನಿಂತು ‘ಚಮಚ ಅಜ್ಜಿಗೆ ಕೊಡು’ ಅಂತೀನಿ, ಇಲ್ಲಾಂದ್ರೆ ‘ಚಮಚ ಅಜ್ಜಿ ಹತ್ರ ಇಸ್ಕೋ’. ತಪ್ಪು ಮಾಡಿದರೆ ಬೈಗುಳ ಇಲ್ಲ, ಅಜ್ಜಿ ಬರಿಗೈ ತೋರಿಸುತ್ತಾರೆ. ಈಗ ಅವಳೇ ನಮಗೆ ಆಟ ಆಡಿಸುತ್ತಾಳೆ. ‘ಸ’ ಇನ್ನೂ ಅಷ್ಟು ಸ್ಪಷ್ಟವಿಲ್ಲ. ಗೊತ್ತಿಲ್ಲದವರಿಗೆ ಕೆಲವು ಮಾತು ಅರ್ಥ ಆಗಲ್ಲ.

ಬೆಳಿಗ್ಗೆ ಮಷಿನ್ ಹಾಕಿದ ಮೇಲೆ ಅದು ಸರಿಯಾಗಿ ಕೇಳಿಸ್ತಿದೆಯಾ ಅಂತ ನೋಡೋಕೆ ಲಿಂಗ್ ಟೆಸ್ಟ್ ಅನ್ನೋ ಆರು ಸದ್ದಿನ ಪರೀಕ್ಷೆ ಮಾಡುತ್ತೇವೆ. ಮ್, ಊ, ಆ, ಈ, ಶ್, ಸ್. ಹಿಂದೆ ಕೂತು ಒಂದೊಂದೇ ಹೇಳೋದು, ಕೇಳಿಸಿದರೆ ಅವಳು ಬಟ್ಟಲಿಗೆ ಕವಡೆ ಹಾಕಬೇಕು. ಈಗ ದೊಡ್ಡವಳಾಗಿದ್ದಾಳೆ, ಹೇಳಿದ್ದನ್ನೇ ತಿರುಗಿ ಹೇಳುತ್ತಾಳೆ. ಒಂದು ಬೆಳಿಗ್ಗೆ ‘ಸ್’ ಮಾತ್ರ ಕೇಳಿಸದಿದ್ದರೆ ಟ್ಯೂಬ್ ನೋಡಿ ಅಂತ ಅರ್ಥ. ಬಿಟ್ಟಿ ಪರೀಕ್ಷೆ, ಎರಡು ನಿಮಿಷ ಸಾಕು.

ಹತ್ತಿರ ಒಳ್ಳೆಯ ಥೆರಪಿಸ್ಟ್ ಸಿಗದವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. 1965ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿನ ಪ್ರಿಸ್ಕೂಲಿನಲ್ಲಿ ತಾಯಂದಿರೂ ಮಗುವಿನ ಜೊತೆ ತರಗತಿಯಲ್ಲಿ ಕೂರುತ್ತಾರೆ. ಹುಟ್ಟಿದ 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ನಷ್ಟ ಎಷ್ಟು ಅನ್ನೋದು ಖಚಿತ, 6 ತಿಂಗಳೊಳಗೆ ಮಷಿನ್ ಮತ್ತು ತರಬೇತಿ ಅನ್ನೋದು ತಜ್ಞರ ಲೆಕ್ಕ. ಹಾಗಾಗಿ ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಅಂತ ಯಾರಾದರೂ ಸಮಾಧಾನ ಹೇಳಿದರೆ ನಕ್ಕು, ಬೇರಾ ಟೆಸ್ಟ್‌ಗೆ (ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡುವ ಪರೀಕ್ಷೆ) ಕರ್ಕೊಂಡು ಹೋಗಿ. ನಷ್ಟ ತೀರಾ ಜಾಸ್ತಿ ಇದ್ದು ಮಷಿನ್‌ನಿಂದ ಪ್ರಯೋಜನ ಕಾಣದಿದ್ದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ವಿಚಾರಿಸಿ, ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ನೆರವಿದೆ. ಕೆಲವು ಮಕ್ಕಳಿಗೆ ಸನ್ನೆ ಭಾಷೆಯೇ ಸರಿಹೋಗುತ್ತೆ. ಅದನ್ನು ಸೋಲು ಅಂತ ನಾನು ನೋಡಲ್ಲ.

ನನ್ನ ಅಂಕ: ಮಷಿನ್‌ಗೆ 5ಕ್ಕೆ 4, ಮಾರಾಟದ ನಂತರದ ಸೇವೆಗೆ 2, ಥೆರಪಿಗೆ 5.

ಜೂನ್‌ನಲ್ಲಿ ಒಂದನೇ ತರಗತಿ. ಬಾಕಿ ಇರೋ ತಲೆನೋವು ಅದು. ಮನೆಯಲ್ಲಿ ನಾವು ಕೈಗೆಟಕುವಷ್ಟು ಹತ್ತಿರ ಕೂತು ಮಾತಾಡುತ್ತೇವೆ. ತರಗತಿಯಲ್ಲಿ ಟೀಚರ್ ದೂರ ಇರುತ್ತಾರೆ. ದೂರ ಎರಡರಷ್ಟಾದರೆ ದನಿ 6 ಡೆಸಿಬಲ್‌ನಷ್ಟು ಇಳಿಯುತ್ತೆ, ಮೇಲೆ ಫ್ಯಾನಿನ ಸದ್ದು, ನಲವತ್ತು ಮಕ್ಕಳ ಗಲಾಟೆ. ಟೀಚರ್ ಕೊರಳಿಗೆ ಮೈಕ್ ಹಾಕಿ ಅವರ ದನಿಯನ್ನು ನೇರ ಮಗುವಿನ ಮಷಿನ್‌ಗೆ ಕಳಿಸುವ ಎಫ್‌ಎಂ ಸಿಸ್ಟಂ ಬರುತ್ತೆ, ರೇಟು ಕೇಳಿದರೆ ಎದೆ ಧಸಕ್ ಅನ್ನುತ್ತೆ. ಸೆಕೆಂಡ್ ಹ್ಯಾಂಡ್ ಸಿಗುತ್ತಾ, ನಮ್ಮ ಮಷಿನ್‌ಗೆ ಹೊಂದುತ್ತಾ ಅಂತ ನೋಡ್ತಿದ್ದೀವಿ. ಯಾರಾದರೂ ಬಳಸಿದ್ದರೆ ದಯವಿಟ್ಟು ತಿಳಿಸಿ.