ಟೆಕ್ಸಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಕೌನ್ಸೆಲಿಂಗ್: ನಾನು ನೋಡಿದ ದಾರಿಗಳು

2023ರ ಮೇ ತಿಂಗಳು. ಟೆಕ್ಸಸ್‌ನಲ್ಲಿ ಎಂಎಸ್ ಮೊದಲ ವರ್ಷ ಮುಗಿಸಿ ಇಂಟರ್ನ್‌ಶಿಪ್‌ಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೆ. ಜನವರಿಯಿಂದ ಕಾಲೇಜಿನ ಕೌನ್ಸೆಲರ್ ಒಬ್ಬರ ಹತ್ತಿರ ಹೋಗುತ್ತಿದ್ದೆ. ರಾತ್ರಿ ನಿದ್ದೆ ಇಲ್ಲ, ಬೆಳಗಾದರೆ ಸಂಕಟ, ಕ್ಲಾಸಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಆ ಸ್ಥಿತಿಯಿಂದ ಸ್ವಲ್ಪ ಚೇತರಿಸಿಕೊಂಡಿದ್ದೆ ಅಷ್ಟೇ. ಹೊರಡುವ ವಾರ ಅವರು ಹೇಳಿದರು: ನೀನು ರಾಜ್ಯ ದಾಟಿದ ಮೇಲೆ ನಾನು ನಿನ್ನ ಜೊತೆ ಸೆಷನ್ ಮಾಡುವ ಹಾಗಿಲ್ಲ, ವಿಡಿಯೋದಲ್ಲೂ ಇಲ್ಲ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಅದೇ ಲ್ಯಾಪ್‌ಟಾಪ್, ಅದೇ ಝೂಮ್, ಅಲ್ವಾ? ಆದರೆ ಅಮೆರಿಕದಲ್ಲಿ ಕೌನ್ಸೆಲರ್‌ಗಳ ಲೈಸೆನ್ಸ್ ರಾಜ್ಯ ರಾಜ್ಯಕ್ಕೂ ಬೇರೆ. ಮಾತಾಡುವ ಆ ಹೊತ್ತಿನಲ್ಲಿ ನಾವು ಎಲ್ಲಿ ಕೂತಿದ್ದೇವೋ, ಅಲ್ಲಿನ ಲೈಸೆನ್ಸ್ ಅವರಿಗೆ ಬೇಕು. ಕೋವಿಡ್ ಕಾಲದಲ್ಲಿ ಎಷ್ಟೋ ರಾಜ್ಯಗಳು ಇದನ್ನು ಸಡಿಲ ಮಾಡಿದ್ದವು, ಆಮೇಲೆ ಮತ್ತೆ ಬಿಗಿ ಮಾಡಿದವು. ಊರಿನಲ್ಲಿ ಬೆಳೆದ ನನಗೆ ಇದು ಹೊಸದು. ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಧಾರವಾಡದ ಮನೋವೈದ್ಯರು ದೆಹಲಿಯಲ್ಲಿ ಓದುವ ಹುಡುಗನನ್ನು ವಿಡಿಯೋದಲ್ಲೇ ನೋಡಬಹುದು.

ಮೊದಲು ಸಿಕ್ಕಿದ್ದು ಕಾಲೇಜೇ ದುಡ್ಡು ಕಟ್ಟಿದ್ದ ಒಂದು ಆ್ಯಪ್. ವಿದ್ಯಾರ್ಥಿಗಳಿಗೆ ಉಚಿತ. ಮೂರೇ ದಿನದಲ್ಲಿ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವವರು ಸಿಕ್ಕರು. ರಾತ್ರಿ ಒಂದು ಗಂಟೆಗೂ ಯಾರಾದರೂ ಮಾತಾಡಲು ಇರುತ್ತಿದ್ದರು. ಒಂದು ರಾತ್ರಿ ಅದು ನನ್ನನ್ನು ಕಾಪಾಡಿತು ಅಂತಲೇ ಹೇಳುತ್ತೇನೆ. ರೂಮಿನಲ್ಲಿ ನಾಲ್ಕು ಜನ ಇದ್ದೆವು. ಪಾರ್ಕಿಂಗ್‌ನಲ್ಲಿ ಗೆಳೆಯನ ಕಾರಿನೊಳಗೆ ಕೂತು ಮಾತಾಡಿದೆ. ಗಾಜೆಲ್ಲ ಮಂಜು ಹಿಡಿದಿತ್ತು.

ಆದರೆ ಮೂರು ತಿಂಗಳಲ್ಲಿ ಮೂರು ಜನ ಬದಲಾದರು. ಪ್ರತಿ ಸಲವೂ ಮೊದಲಿಂದ ಶುರು: ಊರಿನ ಮನೆ ಅಡ ಇಟ್ಟು ಅಪ್ಪ ತೆಗೆದ ಸಾಲ, ಫೇಲಾದ ಒಂದು ಕೋರ್ಸ್, ಕೆಲಸ ಸಿಗದಿದ್ದರೆ ಏನು ಗತಿ ಅನ್ನುವ ಭಯ. ಮೂರನೇ ಸಲ ಹೇಳುವಾಗ ಬೇರೆ ಯಾರದೋ ಕಥೆ ಓದಿ ಹೇಳುತ್ತಿದ್ದೇನೆ ಅನ್ನಿಸಿತು. ಅಳು ಬರಬೇಕಾದ ಜಾಗದಲ್ಲಿ ಅಳುವೇ ಬರಲಿಲ್ಲ. ನನಗೆ ರಾಜ್ಯದ ಗಡಿಗಿಂತ ಜಾಸ್ತಿ ನೋವಾಗಿದ್ದು ಇದರಿಂದ.

ಅದಕ್ಕೇ ಜುಲೈನಲ್ಲಿ ಬೆಂಗಳೂರಿನ ಒಬ್ಬ ಕೌನ್ಸೆಲರ್ ಜೊತೆ ಮಾತು ಶುರು ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 9 ಗಂಟೆ ಅಂದರೆ ಇವರಿಗೆ ಮರುದಿನ ಬೆಳಗ್ಗೆ 9:30. ಮೊದಲ ದಿನ "ಬೆಳಗ್ಗೆ ಎದ್ದರೆ ಸಂಕಟ ಆಗತ್ತೆ" ಅಂದೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಹೋದಾಗಲೆಲ್ಲ ಹೊಟ್ಟೆನೋವೋ ಆತಂಕವೋ ಅಂತ ಕೇಳುತ್ತಿದ್ದರು. ಇವರು ಹಾಗೇನೂ ಕೇಳಲಿಲ್ಲ. "ಎಷ್ಟು ಹೊತ್ತಿರತ್ತೆ?" ಅಂದರು, ಅಷ್ಟೇ. ಆಮೇಲೆ ಅಪ್ಪನ ಸಾಲದ ವಿಷಯಕ್ಕೆ ಬರಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಇದರ ಮಿತಿಯನ್ನು ಅವರೇ ಮೊದಲು ಹೇಳಿದರು. ಅಮೆರಿಕದಲ್ಲಿ ಅವರಿಗೆ ಲೈಸೆನ್ಸ್ ಇಲ್ಲ, ಆದ್ದರಿಂದ ಇದನ್ನು ಚಿಕಿತ್ಸೆ ಅಂತ ತಿಳಿಯಬಾರದು. ನನಗೆ ಏನಾದರೂ ಆದರೆ ಅಲ್ಲಿಂದ ಯಾರನ್ನೂ ಕಳಿಸಲು ಆಗದು. ತುರ್ತು ಸಮಯಕ್ಕೆ ಅಮೆರಿಕದ ಮಾನಸಿಕ ಸಹಾಯವಾಣಿ 988 ಅಂತ ಬರೆಸಿದರು. ಆ ನಂಬರ್ ಅಮೆರಿಕದ ಯಾವ ರಾಜ್ಯದಲ್ಲಿದ್ದರೂ ನಡೆಯುತ್ತದೆ. ಆಗೆಲ್ಲ ಫೋನಿನ ಏರಿಯಾ ಕೋಡ್ ನೋಡಿ ಕರೆ ಕಳಿಸುತ್ತಿದ್ದರು. ಟೆಕ್ಸಸ್ ನಂಬರಿನಿಂದ ಮಾಡಿದ್ದರೆ ಟೆಕ್ಸಸ್‌ಗೇ ಹೋಗುತ್ತಿತ್ತು. 2024ರಿಂದ ದೊಡ್ಡ ಫೋನ್ ಕಂಪನಿಗಳು ನಾವಿರುವ ಜಾಗ ನೋಡಿ ಕಳಿಸಲು ಶುರು ಮಾಡಿವೆ. ಭಾರತದೊಳಗೆ ಬೇರೆ ರಾಜ್ಯದಲ್ಲಿ ಓದುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಿಮ್ಹಾನ್ಸ್ ಅದರ ಕೇಂದ್ರ. ದಿನದ 24 ಗಂಟೆಯೂ ಉಚಿತ.

ಕೊನೆಯದು ಸೈಪ್ಯಾಕ್ಟ್. ಇದು ರಾಜ್ಯಗಳ ನಡುವಿನ ಒಪ್ಪಂದ. ಇದರ ಅನುಮತಿ ಪಡೆದ ಸೈಕಾಲಜಿಸ್ಟ್, ಒಪ್ಪಂದಕ್ಕೆ ಸೇರಿದ ಯಾವ ರಾಜ್ಯದಲ್ಲಿರುವವರನ್ನಾದರೂ ವಿಡಿಯೋದಲ್ಲಿ ನೋಡಬಹುದು. ಟೆಕ್ಸಸ್ ಸೇರಿತ್ತು, ಕ್ಯಾಲಿಫೋರ್ನಿಯಾ ಸೇರಿರಲಿಲ್ಲ. ಜೊತೆಗೆ ಇದು ಸೈಕಾಲಜಿಸ್ಟ್‌ಗಳಿಗೆ ಮಾತ್ರ, ನನ್ನ ಕಾಲೇಜಿನವರು ಕೌನ್ಸೆಲರ್. ಹಾಗಾಗಿ ಆ ಬೇಸಿಗೆಯಲ್ಲಿ ನನಗೆ ಉಪಯೋಗ ಆಗಲಿಲ್ಲ. ಟೆಕ್ಸಸ್‌ಗೆ ವಾಪಸ್ ಬಂದ ಮೇಲೆ ಅಂಥ ಒಬ್ಬರನ್ನು ಹುಡುಕಿದೆ. ಡಿಸೆಂಬರ್ ರಜೆಗೆ ಕೊಲೊರಾಡೋದಲ್ಲಿರುವ ಅಕ್ಕನ ಮನೆಗೆ ಹೋದೆ. ಆ ರಾಜ್ಯವೂ ಒಪ್ಪಂದಕ್ಕೆ ಸೇರಿತ್ತು. ಮೂರು ವಾರ, ಒಂದು ಸೆಷನ್ನೂ ತಪ್ಪಲಿಲ್ಲ. ಸೆಷನ್ ಶುರುವಾದಾಗ ಈಗ ಎಲ್ಲಿದ್ದೀಯ ಅಂತ ವಿಳಾಸ ಕೇಳಿ ಬರೆದುಕೊಂಡರು, ಹೋದ ವಾರ ನಿಲ್ಲಿಸಿದ ಮಾತಿನಿಂದಲೇ ಮುಂದುವರಿಸಿದರು. ಸೆಷನ್‌ಗೆ 150 ಡಾಲರ್, ಪೂರ್ತಿ ಕೈಯಿಂದಲೇ. ದುಬಾರಿ. ಆದರೂ ನೀವು ಹೋಗುವ ರಾಜ್ಯ ಆ ಪಟ್ಟಿಯಲ್ಲಿದ್ದರೆ ನಾನು ಇದನ್ನೇ ಹೇಳುತ್ತೇನೆ. ಇಲ್ಲದಿದ್ದರೆ ಆ್ಯಪ್ ಇರಲಿ, ಕನ್ನಡದಲ್ಲಿ ಮನಸ್ಸು ಬಿಚ್ಚಲು ಒಬ್ಬರು ಬೇರೆ ಇರಲಿ.

ಆಗಸ್ಟ್‌ನಲ್ಲಿ ನನ್ನ ಹಳೆಯ ಕೌನ್ಸೆಲರ್‌ನ ಮತ್ತೆ ಭೇಟಿಯಾದಾಗ ಒಂದು ವಿಷಯ ಗೊತ್ತಾಯಿತು. ನಾನು ಒಂದು ಒಪ್ಪಿಗೆ ಫಾರ್ಮ್‌ಗೆ ಸಹಿ ಹಾಕಿದ್ದರೆ, ನನ್ನ ವಿವರವನ್ನು ಚಿಕ್ಕದಾಗಿ ಬರೆದು ಹೊಸಬರಿಗೆ ಕಳಿಸಿಕೊಡುತ್ತಿದ್ದರು. ಮೇ ತಿಂಗಳಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತೇ ಬರೆಸಿಕೊಂಡೆ. ಎರಡು ಪುಟ. ಈಗ ಪಾಸ್‌ಪೋರ್ಟ್ ಇಡುವ ಫೈಲಿನಲ್ಲೇ ಇದೆ.